ಕೋಟೆಯ ಬಾಗಿಲು ತೆರೆಯುವ ತನಕ

ನಾನು ಯಾರ ಮಾತನ್ನೂ ಆಧಾರವಿಲ್ಲದೆ ನಂಬುವವನಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ಹಳೆಯ ಕಾಯಿಲೆಯನ್ನು ಹೊಸ ವೈದ್ಯರ ಮುಂದೆ ಒಪ್ಪಿಕೊಳ್ಳುವವನ ಹಾಗೆ, ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳುತ್ತೇನೆ. ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದಿ, ಅಲ್ಲೇ ಚರಿತ್ರೆ ಪಾಠ ಮಾಡಲು ನಿಂತವನು ನಾನು. ಯಾರು ಏನು ಹೇಳಿದರೂ ‘ಇದಕ್ಕೆ ದಾಖಲೆ ಏನು?’ ಎಂಬ ಪ್ರಶ್ನೆ ಬಾಯಿಗೆ ತಾನಾಗಿ ಬರುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಗಿರಿಜ, ತಮ್ಮ ಮನೆಯ ಜಗಲಿಯ ಮೇಲೆ ಹಿಂದೆ ಯಾರೋ ಪಾಳೇಗಾರರು ಕೂತು ಮಜ್ಜಿಗೆ ಕುಡಿದು ಹೋಗಿದ್ದರಂತೆ ಎಂದಾಗಲೂ ಅದನ್ನೇ ಕೇಳಿದ್ದೆ. ಆಮೇಲೆ ಎರಡು ದಿನ ನನಗೆ ಮಜ್ಜಿಗೆ ಸಿಗಲಿಲ್ಲ. ಬೇರೆಯವರ ನೆನಪಿನ ಮೇಲೆ ಇಷ್ಟೊಂದು ಅನುಮಾನವಿದ್ದ ನಾನು ನನ್ನ ನೆನಪನ್ನು ಮಾತ್ರ ಒಂದು ದಿನವೂ ಪ್ರಶ್ನೆ ಮಾಡಿರಲಿಲ್ಲ. ಅದನ್ನು ಮಾಡಿಸಿದ್ದು ನಮ್ಮ ವಿಶ್ವವಿದ್ಯಾಲಯದ ಜಾಲತಾಣ.

ವಿಶ್ವವಿದ್ಯಾಲಯದ ಹೆಸರು ಬೇಡ. ನೀವು ಯಾವುದನ್ನು ಊಹಿಸಿದರೂ ಅದು ಅದಲ್ಲ ಎಂದೇ ತಿಳಿಯಿರಿ. ಚಿತ್ರದುರ್ಗದ ಆಸುಪಾಸಿನಲ್ಲಿ, ಗುಡ್ಡದ ಸಾಲಿನ ಗಾಳಿಯಂತ್ರಗಳು ತರಗತಿಯ ಕಿಟಕಿಯಿಂದ ಕಾಣುವಷ್ಟು ದೂರದಲ್ಲಿ ಇದೆ ಎಂದರೆ ಸಾಕು. ನನ್ನ ಮನೆ ಹೊಳಲ್ಕೆರೆಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬಹಳ ವರ್ಷಗಳ ಹಿಂದೆ ಒಂದು ಸಭೆಯಲ್ಲಿ ಆಗಿನ ಕುಲಸಚಿವರು, “ನಮಗೂ ಒಂದು ವೆಬ್‌ಸೈಟ್ ಆಗಬೇಕು, ಆ ಕೆಲಸ ಯಾರಿಗೆ ಬರುತ್ತದೆ?” ಎಂದು ಕೇಳಿದರು. ಗಣಕವಿಜ್ಞಾನದವರು ತಮ್ಮದು ಸೈದ್ಧಾಂತಿಕ ವಿಭಾಗ ಎಂದು ಹೇಳಿ ತಪ್ಪಿಸಿಕೊಂಡರು. ಉಳಿದವರು ತಲೆ ತಗ್ಗಿಸಿ ತಮ್ಮ ತಮ್ಮ ತಟ್ಟೆಯ ಗೋಡಂಬಿಯನ್ನು ನೋಡುತ್ತಿದ್ದರು. ನನ್ನ ತಟ್ಟೆ ಅಷ್ಟರಲ್ಲಿ ಖಾಲಿಯಾಗಿದ್ದುದರಿಂದ ನಾನು ತಲೆ ಎತ್ತಿದೆ. ಅಂದಿನಿಂದ ಇಂದಿನವರೆಗೆ ಆರು ಜನ ಕುಲಸಚಿವರು ಬದಲಾಗಿದ್ದಾರೆ. ಜಾಲತಾಣದ ಉಸ್ತುವಾರಿ ಮಾತ್ರ ಬದಲಾಗಿಲ್ಲ.

ಮೊದಲ ಜಾಲತಾಣವನ್ನು ನಾನೇ ಕೈಯಾರೆ ಬರೆದೆ. ಒಂದು ಚೌಕದೊಳಗೆ ಇನ್ನೊಂದು ಚೌಕ, ಅದರೊಳಗೆ ಮತ್ತೊಂದು, ಹೀಗೆ ಬೇಲಿ ಹಾಕುತ್ತಾ ಹೋಗಿ ಕೊನೆಯ ಚೌಕದಲ್ಲಿ ಕುಲಪತಿಗಳನ್ನು ಕೂರಿಸಿದ್ದೆ. ಮೇಲೆ ಒಂದು ಸಾಲು ಬಲದಿಂದ ಎಡಕ್ಕೆ ಓಡುತ್ತಿತ್ತು. ಪ್ರತಿ ಸೂಚನೆಯ ಪಕ್ಕದಲ್ಲಿ ‘ಹೊಸತು’ ಎಂಬ ಕೆಂಪು ಪದ ಕಣ್ಣು ಮಿಟುಕಿಸುತ್ತಿತ್ತು. ಮೂರು ವರ್ಷ ಹಳೆಯ ಸೂಚನೆಯೂ ಮಿಟುಕಿಸುತ್ತಲೇ ಇತ್ತು. ಎಷ್ಟು ಜನ ಬಂದು ನೋಡಿದರೆಂದು ಲೆಕ್ಕ ಹಿಡಿಯುವ ಅಂಕಿಯೊಂದು ಕೆಳಗಿತ್ತು. ಅದರಲ್ಲಿ ಹೆಚ್ಚಿನ ಪಾಲು ನಾನೇ ಎಂಬುದು ನನಗೆ ಮಾತ್ರ ಗೊತ್ತಿತ್ತು. ಕನ್ನಡ ಅಕ್ಷರಗಳು ಆಗ ನಮ್ಮ ಕಂಪ್ಯೂಟರಿನಲ್ಲಿ ಕಂಡ ಹಾಗೆ ಊರವರ ಕಂಪ್ಯೂಟರಿನಲ್ಲಿ ಕಾಣುತ್ತಿರಲಿಲ್ಲವಾದ್ದರಿಂದ, ಸಹಿಯಾದ ಸೂಚನೆಗಳನ್ನು ಫೋಟೋ ತೆಗೆದ ಹಾಗೆ ಸ್ಕ್ಯಾನ್ ಮಾಡಿ ಹಾಕುತ್ತಿದ್ದೆವು. ಆಮೇಲೆ ಚಲಿಸುವ ಚಿತ್ರಗಳ ಕಾಲ ಬಂತು, ಹೋಯಿತು. ಕಂಪನಿಯವರೇ ಅಚ್ಚು ಹಾಕಿಕೊಡುವ ಸಿದ್ಧ ಜಾಲತಾಣಗಳು ಬಂದವು. ಒಂದು ಕಂಪನಿ ಮುಚ್ಚಿತು, ಇನ್ನೊಂದು ಬಂತು. ಈಗ ಎಲ್ಲವೂ ಮೊಬೈಲಿಗೆ ಮೊದಲು, ಉಳಿದದ್ದಕ್ಕೆ ಆಮೇಲೆ. ಇಡೀ ವಿಶ್ವವಿದ್ಯಾಲಯ ಮೂಲೆಯಲ್ಲಿರುವ ಮೂರು ಗೆರೆಗಳ ಹಿಂದೆ ಅಡಗಿ ಕೂತಿದೆ. ಪ್ರತಿ ಬದಲಾವಣೆಯಲ್ಲೂ ಹೊಸಬರು ನನ್ನನ್ನು ಕೇಳುತ್ತಿದ್ದದ್ದು ಒಂದೇ ಮಾತು: “ಸಾರ್, ಹಳೇದು ಬೇಕಾ?” ಚರಿತ್ರೆಯ ಮೇಷ್ಟ್ರಾದ ನಾನು ಪ್ರತಿ ಸಲವೂ, “ಬೇಡ, ಕ್ಲೀನಾಗಿರಲಿ” ಎಂದು ಸಹಿ ಹಾಕಿದ್ದೇನೆ.

ಈ ಎಲ್ಲದರ ನಡುವೆ ನಾನು ನಿಜವಾಗಿ ಪ್ರೀತಿಸಿದ್ದು ಚಲಿಸುವ ಚಿತ್ರಗಳ ಕಾಲವನ್ನು. ಪಕ್ಕದ ಊರುಗಳ ಸಂಸ್ಥೆಗಳ ಮುಖಪುಟದಲ್ಲಿ ದೀಪ ಉರಿಯುತ್ತಿತ್ತು, ಕಮಲ ಅರಳುತ್ತಿತ್ತು. ನಮ್ಮದು ದುರ್ಗ. ಹಾಗಾಗಿ ಕೋಟೆಯ ಬಾಗಿಲು ತೆರೆದುಕೊಳ್ಳಬೇಕು ಎಂದು ನಾನು ತೀರ್ಮಾನಿಸಿದೆ. ನೋಡುವವನ ಮುಂದೆ ಮೊದಲು ಕಲ್ಲಿನ ಗೋಡೆ, ನಡುವೆ ಎರಡು ಕದ. ಕಹಳೆಯ ಸದ್ದು. ಕದಗಳು ನಿಧಾನವಾಗಿ ಸರಿದು ಒಳಗೆ ಆಡಳಿತ ಕಟ್ಟಡ ಕಾಣಬೇಕು. ಎಡಗಡೆಯ ಕದ ಸಲೀಸಾಗಿ ತೆರೆಯಿತು. ಬಲಗಡೆಯದು ಅರ್ಧಕ್ಕೆ ಬಂದು ನಿಂತು ವಾಪಸು ಮುಚ್ಚಿಕೊಳ್ಳುತ್ತಿತ್ತು. ಆ ಕದದ ಹಿಂದೆ ನಾನು ಎಷ್ಟು ದಿನ ಬಿದ್ದಿದ್ದೆ ಎಂದು ಯಾರಾದರೂ ಕೇಳಿದ್ದರೆ, ಕಳೆದ ವರ್ಷದವರೆಗೂ, “ಒಂದು ವಾರ, ಹೆಚ್ಚೆಂದರೆ ಹತ್ತು ದಿನ” ಎಂದು ಧೈರ್ಯವಾಗಿ ಹೇಳುತ್ತಿದ್ದೆ.

ಕಳೆದ ವರ್ಷ ಒಂದು ಶುಕ್ರವಾರ ಬೆಳಿಗ್ಗೆ ತಿಪ್ಪಮ್ಮ ನನ್ನ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯವಳು, ಕುರಿ ಸಾಕುವವರ ಮನೆಯ ಹುಡುಗಿ. ಬಹಳ ಹಿಂದೆ ನನ್ನ ಬಳಿ ಎಂ.ಎ. ಓದಿದವಳು. ಈಗ ಹುಡುಗಿಯಲ್ಲ. ಕಿವಿಯ ಹತ್ತಿರ ಒಂದೆರಡು ಕೂದಲು ಬೆಳ್ಳಗಾಗಿದ್ದವು. ಹಿರಿಯೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ವರ್ಷಗಟ್ಟಲೆ ದುಡಿದಿದ್ದಳು. ಅಂಥವರ ಆಯ್ಕೆಗೆ ಈಗ ಪಟ್ಟಿ ತಯಾರಾಗುತ್ತಿತ್ತು. ಸೇವೆ ಮಾಡಿದ ಒಂದೊಂದು ವರ್ಷಕ್ಕೂ ಇಂತಿಷ್ಟು ಅಂಕ.

“ಕುಂತ್ಕೊಳಮ್ಮ, ಏನಾಯ್ತು?” ಎಂದೆ.

“ನನ್ನ ಮೊದಲ್ನೇ ವರ್ಷ ಲೆಕ್ಕಕ್ಕಿಲ್ಲ ಅಂತಾರೆ ಸಾರ್. ನಾನು ಕಾಲೇಜಿಗೆ ಸೇರಿದ್ದು ಜುಲೈನಾಗೆ, ಪಾಠಕ್ಕೆ ಜನ ಇಲ್ಲ, ರಿಸಲ್ಟ್ ಆಮೇಲೆ ಕೊಡು ಅಂತ ಕರ್ದಿದ್ರು. ಒಂದು ಪೇಪರ್ ಫೇಲಾಗಿ ಮರುಮೌಲ್ಯಮಾಪನಕ್ಕೆ ಹಾಕಿದ್ದೆನಲ್ಲ, ಅದ್ರ ಅಂಕಪಟ್ಟಿ ಮ್ಯಾಲೆ ಡಿಸೆಂಬರ್ ತಾರೀಕು ಐತೆ. ಪಾಸಾಗಕ್ಕೆ ಮುಂಚೆನೇ ಪಾಠ ಮಾಡಿದೀಯಮ್ಮ, ಅದು ಸೇವೆ ಅಲ್ಲ ಅಂತಾರೆ. ಆದ್ರೆ ರಿಸಲ್ಟಿಗೆ ಸಹಿ ಬಿದ್ದಿದ್ದು ಜೂನ್‌ನಾಗೇ ಅಂತೆ ಸಾರ್, ಆಮೇಲೆ ಆಫೀಸಿನೋರೇ ಹೇಳಿದ್ರು. ಆ ಕಾಗದ ಒಂದು ಸಿಕ್ರೆ ಸಾಕು.”

“ಸಿಗದಿದ್ದರೆ?”

“ಒಂದು ವರ್ಷ ಹೋದ್ರೆ ನಾನು ಕಟಾಫ್ ಗೆರೆಯಿಂದ ಕೆಳಕ್ಕೆ ಹೋಗ್ತೀನಿ. ಮಂಗಳವಾರ ದಾಖಲೆ ಪರಿಶೀಲನೆ. ಈ ಸಲ ಹೋದ್ರೆ ಮುಂದಿನ ಸಲಕ್ಕೆ ನನ್ಗೆ ವಯಸ್ಸಾಗಿರ್ತದೆ.”

ಅವಳನ್ನು ಕರೆದುಕೊಂಡು ಪರೀಕ್ಷಾ ವಿಭಾಗಕ್ಕೆ ಹೋದೆ. ಅಲ್ಲಿನ ಸೂಪರಿಂಟೆಂಡೆಂಟ್ ರುದ್ರಪ್ಪನವರು ನಿವೃತ್ತಿಗೆ ಹತ್ತಿರವಾದವರು, ಆದ್ದರಿಂದ ಯಾರಿಗೂ ಹೆದರದವರು. ವಿಷಯ ಕೇಳಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಆ ವರ್ಷದ ಮರುಮೌಲ್ಯಮಾಪನದ ಪಟ್ಟಿ ನಮ್ಮತ್ರ ಎಲ್ಲೈತೆ ಸಾರ್? ಸಹಿ ಆಗಿದ್ದ ಒಂದೇ ಪ್ರತೀನ ನೀವೇ ಇಸ್ಕಂಡು ಹೋಗ್ತಿದ್ರಿ. ವೆಬ್‌ಸೈಟಿಗೆ ಹಾಕಿದ ಮೇಲೆ ಕಾಗದ ಯಾಕ್ರಿ, ಗೆದ್ದಲಿಗಾ ಅಂತ ಸರ್ಕ್ಯುಲರ್ ಮಾಡ್ಸಿದೋರು ಯಾರು?”

“ನಾನಾ?” ಎಂದೆ. ನನಗೆ ಅಂಥದ್ದೇನೂ ನೆನಪಿರಲಿಲ್ಲ. “ಅದಕ್ಕೆ ದಾಖಲೆ ಏನು?”

ಅವರು ಬೀರು ತೆರೆದು, ಒಂದೇ ಸಲಕ್ಕೆ, ಹುಡುಕದೆ, ಆ ಸುತ್ತೋಲೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಉಳಿದ ಎಲ್ಲ ಕಾಗದವನ್ನು ಸುತ್ತೋಲೆಯ ಪ್ರಕಾರ ವಿಲೇವಾರಿ ಮಾಡಿದ್ದ ರುದ್ರಪ್ಪನವರು, ಆ ಸುತ್ತೋಲೆಯೊಂದನ್ನು ಮಾತ್ರ ಪ್ಲಾಸ್ಟಿಕ್ ಹೊದಿಕೆ ಹಾಕಿ ಜೋಪಾನ ಮಾಡಿದ್ದರು. ಕೆಳಗೆ ಇದ್ದದ್ದು ನನ್ನದೇ ಸಹಿ. ಆಗ ನಾನು ಸಹಿಯ ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ.

ಆದರೂ ನಾನು ಎದೆಗುಂದಲಿಲ್ಲ. ಏಕೆಂದರೆ ತಿಪ್ಪಮ್ಮನ ಫಲಿತಾಂಶವನ್ನು ಜಾಲತಾಣಕ್ಕೆ ಏರಿಸಿದ ಸಂಜೆ ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಜೂನ್ ತಿಂಗಳ ಕೊನೆ. ಹೊರಗೆ ಮೋಡ. ಕರೆಂಟು ಹೋಗಿ ಯುಪಿಎಸ್ ಕೂಗುತ್ತಿತ್ತು. ಮೇಜಿನ ಮೇಲೆ ಹಳೆಯ ಪೇಪರಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ. ಎಡಗೈಯಲ್ಲಿ ಮೆಣಸಿನಕಾಯಿ ಹಿಡಿದು, ಎಣ್ಣೆ ತಾಗದ ಬಲಗೈಯಿಂದ ಗುಂಡಿ ಒತ್ತಿದ್ದೆ. ಇಷ್ಟು ವಿವರ ಇರುವ ನೆನಪು ಸುಳ್ಳಾಗಲು ಹೇಗೆ ಸಾಧ್ಯ? ಪಟ್ಟಿ ಬಂದ ದಿನವೇ ಹಾಕಿದ್ದೇನೆ, ಆದ್ದರಿಂದ ಆ ವರ್ಷದ ಜಾಲತಾಣದ ಪ್ರತಿಯಲ್ಲಿ ಅದು ಇದ್ದೇ ಇರುತ್ತದೆ ಎಂದು ತಿಪ್ಪಮ್ಮನಿಗೆ ಭರವಸೆ ಕೊಟ್ಟೆ. ಜಾಲತಾಣ ಬದಲಾದಾಗಲೆಲ್ಲ ಹಳೆಯದನ್ನು ಒಂದು ಸಿ.ಡಿ.ಗೆ ಇಳಿಸಿ, ಅದರ ಮೇಲೆ ಪೆನ್ನಿನಲ್ಲಿ ನಂಬರು ಬರೆದು, ಮನೆಯಲ್ಲಿ ಬಿಸ್ಕತ್ತಿನ ಡಬ್ಬದಲ್ಲಿ ಇಡುವ ಪದ್ಧತಿ ನನ್ನದು. “ಹನ್ನೆರಡು ಸಿ.ಡಿ. ಇವೆ. ಅಟ್ಟದ ಮೇಲೆ ಕಬ್ಬಿಣದ ಟ್ರಂಕಿನಲ್ಲಿ, ಎಡಗಡೆ ಮೂಲೆಯಲ್ಲಿ” ಎಂದೆ. ಅವಳು ನನ್ನನ್ನು ನಂಬಿದಳು. ವಿದ್ಯಾರ್ಥಿಗಳಿಗೆ ಏನನ್ನೂ ನಂಬಬೇಡಿ ಎಂದು ಎಷ್ಟು ಕಲಿಸಿದರೂ ಮೇಷ್ಟ್ರನ್ನು ನಂಬುವುದನ್ನು ಅವರು ಬಿಡುವುದಿಲ್ಲ.

ಅಟ್ಟದ ಮೇಲೆ ಟ್ರಂಕೇ ಇರಲಿಲ್ಲ. ನಾನು ಧೂಳಿನಲ್ಲಿ ಸೀನುತ್ತಾ ಕೆಳಗಿಳಿದಾಗ ಗಿರಿಜ ಅವರೇಕಾಯಿ ಸುಲಿಯುತ್ತಾ ಕೂತಿದ್ದಳು.

“ಟ್ರಂಕು ಯಾವತ್ತು ಅಟ್ಟದ ಮ್ಯಾಲಿತ್ತು? ಅದು ಇದ್ದಿದ್ದು ನಿಮ್ಮಮ್ಮನ ಮನೆಯಾಗೆ. ನಮ್ಮನೆಯಾಗೆ ಅಟ್ಟದ ಮ್ಯಾಲಿದ್ದಿದ್ದು ಬರೀ ಡಬ್ಬ” ಎಂದಳು.

“ಸರಿ, ಆ ಡಬ್ಬ ಎಲ್ಲಿ?”

“ಡಬ್ಬಕ್ಕೆ ಕಡ್ಲೆ ಹಾಕಿದೀನಿ.”

“ಅದರೊಳಗೆ ಇದ್ದ ಸಿ.ಡಿ.?”

“ಪರಮೇಶ ತಗಂಡು ಹೋದ್ನಲ್ಲ, ಬಾಗೂರಿಗೆ. ದಾಳಿಂಬೆ ತೋಟಕ್ಕೆ ಕಟ್ತೀನಿ ಅಂತ. ನಿಮ್ಮನ್ನೂ ಕೇಳಿದ. ಪೇಪರ್ ಓದ್ತಾ ಹ್ಞೂಂ ಅಂದ್ರಿ.”

ನಾನು ಹಾಗೆ ಅಂದಿರಲು ಸಾಧ್ಯವೇ ಇಲ್ಲ ಎಂದೆ. ಗಿರಿಜ ಒಂದು ಅವರೇಕಾಳನ್ನು ಪಾತ್ರೆಗೆ ಹಾಕಿ, “ಇದಕ್ಕೂ ದಾಖಲೆ ಬೇಕೇನ್ರಿ?” ಎಂದಳು. ನನಗೆ ಬೇಕಾಗಿರಲಿಲ್ಲ.

ಭಾನುವಾರ ತಿಪ್ಪಮ್ಮ ಹಿರಿಯೂರಿನ ಕಡೆಯಿಂದ, ನಾನು ಹೊಳಲ್ಕೆರೆಯ ಕಡೆಯಿಂದ ಹೊಸದುರ್ಗದ ಬಸ್‌ಸ್ಟ್ಯಾಂಡಿಗೆ ಬಂದು ಸೇರಿದೆವು. ಗಿರಿಜಳ ತಮ್ಮ ಪರಮೇಶ ತನ್ನ ಟಂಟಂ ಗಾಡಿಯಲ್ಲಿ ನಮ್ಮನ್ನು ಬಾಗೂರಿನ ತೋಟಕ್ಕೆ ಕರೆದೊಯ್ದ. ದೂರದಿಂದಲೇ ಕಂಡಿತು. ದಾಳಿಂಬೆ ಗಿಡಗಳ ಸಾಲಿನ ಮೇಲೆ ತಂತಿ ಎಳೆದು, ಮೀನಿನ ಗಾಳದ ದಾರದಲ್ಲಿ ಸಿ.ಡಿ.ಗಳನ್ನು ಇಳಿಬಿಟ್ಟಿದ್ದ. ಗಾಳಿಗೆ ತಿರುಗುತ್ತಾ, ಬಿಸಿಲಿಗೆ ಫಳಫಳ ಹೊಳೆಯುತ್ತಾ, ನಮ್ಮ ವಿಶ್ವವಿದ್ಯಾಲಯದ ಅಷ್ಟೂ ವರ್ಷಗಳ ಅಧಿಸೂಚನೆ, ಫಲಿತಾಂಶ, ಟೆಂಡರು, ಶ್ರದ್ಧಾಂಜಲಿಗಳು ಗಿಳಿ ಕಾಯುತ್ತಿದ್ದವು. ಒಂದರ ಮೇಲೆ ಗಿಳಿಯೇ ಕೂತಿತ್ತು.

“ಮೊದಲ್ನೇ ವರ್ಷ ಹೆದರಿದ್ವು ಭಾವ” ಎಂದ ಪರಮೇಶ, ಸಮಾಧಾನ ಹೇಳುವವನ ಹಾಗೆ. “ಈಗ ಕ್ಯಾರೇ ಅನ್ನಲ್ಲ. ನೆಟ್ಟೇ ಹಾಕ್ಬೇಕು.”

ನಮ್ಮ ಜಾಲತಾಣವನ್ನು ನೋಡಿ ಹೆದರಿದವರಲ್ಲಿ ಗಿಳಿಗಳು ಮೊದಲಿನವೇನಲ್ಲ ಎಂದು ನನಗೆ ಅನ್ನಿಸಿತು. ತಿಪ್ಪಮ್ಮ ಆ ಹೊಳಪನ್ನೇ ದಿಟ್ಟಿಸುತ್ತಿದ್ದಳು. ನಾವು ಮೂವರೂ ಸೇರಿ ಒಂದೊಂದಾಗಿ ಬಿಚ್ಚಿದೆವು. ಬೇರೆ ಕಡೆಯಿಂದ ತಂದು ಕಟ್ಟಿದ್ದ ಮದುವೆಯ ಸಿ.ಡಿ., ಭಜನೆಯ ಸಿ.ಡಿ.ಗಳೂ ಇದ್ದವು. ನನ್ನವುಗಳ ಮೇಲೆ ಪೆನ್ನಿನ ಬಣ್ಣ ಬಿಸಿಲಿಗೆ ಹೋಗಿದ್ದರೂ, ಒತ್ತಿ ಬರೆಯುವ ನನ್ನ ಚಾಳಿಯಿಂದಾಗಿ ಅಂಕಿಯ ಗೀರು ಉಳಿದಿತ್ತು. ಮೇಲ್ಪದರ ಹಪ್ಪಳದ ಹಾಗೆ ಎದ್ದಿತ್ತು. ಬೆಳಕಿಗೆ ಹಿಡಿದರೆ ಆಚೆಗಿದ್ದ ಹಣ್ಣು ಕಾಣುತ್ತಿತ್ತು. ಸಿ.ಡಿ.ಯ ಮೂಲಕ ಹಣ್ಣು ಕಂಡರೆ ಅದರೊಳಗೆ ಬೇರೇನೂ ಉಳಿದಿಲ್ಲವೆಂದೇ ಅರ್ಥ. ನಾನು ಬದುವಿನ ಮೇಲೆ ಕೂತು, ಡಿಜಿಟಲ್ ಯುಗದ ನಶ್ವರತೆಯ ಬಗ್ಗೆ ಒಂದು ಲೇಖನಕ್ಕಾಗುವಷ್ಟು ವಿಚಾರ ಮಾಡತೊಡಗಿದೆ. ತಿಪ್ಪಮ್ಮ ಆ ಸಮಯದಲ್ಲಿ ಸಿ.ಡಿ.ಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸುತ್ತಿದ್ದಳು.

“ಸಾರ್, ಹನ್ನೆರಡು ಅಂದಿದ್ರಿ. ಇಲ್ಲಿ ಹನ್ನೊಂದೇ ಅವೆ. ಏಳು ಇಲ್ಲ.”

“ಎಲ್ಲೋ ಬಿದ್ದಿರಬೇಕು. ಗಾಳಿಗೆ ಹಾರಿರುತ್ತೆ ಬಿಡಮ್ಮ” ಎಂದೆ.

“ಕುರಿ ಎಣಿಸೋರ ಮನೆಯಾಗೆ ಹುಟ್ಟಿದೋಳು ಸಾರ್ ನಾನು. ಒಂದು ಕಮ್ಮಿ ಆದ್ರೆ ಹಟ್ಟಿ ಬಾಗ್ಲು ಹಾಕಲ್ಲ ನಾವು” ಎಂದವಳು ಪರಮೇಶನ ಕಡೆ ತಿರುಗಿದಳು. “ಅಣ್ಣ, ನೀನು ತಂದಿದ್ರಾಗೆ ಕಟ್ಟದೇ ಉಳಿದಿದ್ದು ಯಾವ್ದಾದ್ರೂ ಐತಾ?”

ಪರಮೇಶ ತಲೆ ಕೆರೆದುಕೊಂಡ. ಆಮೇಲೆ ಏನೋ ಹೊಳೆದವನಂತೆ ಪಂಪಿನ ಮನೆಗೆ ಓಡಿದ. ಮೋಟಾರು ಚಾಲೂ ಮಾಡಿದಾಗ ಸ್ಟಾರ್ಟರ್ ಪೆಟ್ಟಿಗೆ ಗೋಡೆಗೆ ಬಡಿದು ಗಡಗಡ ಎನ್ನುತ್ತಿತ್ತಂತೆ. ಸಂದಿಗೆ ಏನಾದರೂ ತುರುಕಲು ಬೇಕಾಗಿತ್ತು. ಒಂದು ಸಿ.ಡಿ.ಯನ್ನು ಕಾಗದದ ಲಕೋಟೆಯ ಸಮೇತ ಎರಡಾಗಿ ಮಡಿಸಲು ನೋಡಿ, ಮಡಚದಿದ್ದಾಗ ಹಾಗೇ ತುರುಕಿದ್ದ. ಅದೇ ಏಳು. ಕತ್ತಲಲ್ಲಿ, ಧೂಳಿನಲ್ಲಿ, ಲಕೋಟೆಯೊಳಗೆ ಬಿಸಿಲು ತಾಗದೆ ಉಳಿದಿತ್ತು, ಒಂದು ಅಂಚು ಮಾತ್ರ ಸ್ವಲ್ಪ ಬಾಗಿತ್ತು. ಅದನ್ನು ಎಳೆದು ತೆಗೆದ ಮೇಲೆ ಪೆಟ್ಟಿಗೆ ಮತ್ತೆ ಗಡಗಡ ಎನ್ನತೊಡಗಿತು. ಆ ಜಾಗಕ್ಕೆ ಪರಮೇಶ ನನ್ನ ಕೈಯಲ್ಲಿದ್ದ ಎಂಟನ್ನು ಇಸಿದುಕೊಂಡು ತುರುಕಿದ.

ಸಿ.ಡಿ. ಸಿಕ್ಕಿದರೂ ಅದನ್ನು ಓದುವ ಯಂತ್ರ ಬೇಕಲ್ಲ. ಈಗಿನ ಲ್ಯಾಪ್‌ಟಾಪುಗಳಿಗೆ ಆ ಬಾಯಿಯೇ ಇಲ್ಲ. ಹೊಸದುರ್ಗದಲ್ಲಿ ಮದುವೆಯ ಫೋಟೋ ತೆಗೆಯುವ ಸ್ಟುಡಿಯೋ ಒಂದರಲ್ಲಿ ಹಳೆಯ ಕಂಪ್ಯೂಟರು ಉಳಿದಿತ್ತು. ಸ್ಟುಡಿಯೋದವರು ಸಿ.ಡಿ.ಯನ್ನು ಶರ್ಟಿನ ತುದಿಯಿಂದ ಒರೆಸಿ ಒಳಗೆ ತಳ್ಳಿದರು. ಅದು ಒಳಗೆ ತಿರುಗಿ, ನಿಂತು, ಕೆಮ್ಮಿ, ಮತ್ತೆ ತಿರುಗಿತು. ತಿಪ್ಪಮ್ಮ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಕೊನೆಗೆ ಪರದೆಯ ಮೇಲೆ ಕಡತಗಳ ಪಟ್ಟಿ ಮೂಡಿತು. ಪುಣ್ಯಕ್ಕೆ ಅದು ತಿಪ್ಪಮ್ಮನ ವರ್ಷದ್ದೇ ಆಗಿತ್ತು. ಅದರಲ್ಲಿ ಮರುಮೌಲ್ಯಮಾಪನದ ಸ್ಕ್ಯಾನ್ ಇತ್ತು. ತೆರೆದರೆ ಸ್ವಲ್ಪ ಓರೆಯಾಗಿದ್ದರೂ ಸ್ಪಷ್ಟವಾಗಿತ್ತು: ತಿಪ್ಪಮ್ಮನ ನೋಂದಣಿ ಸಂಖ್ಯೆ, ಎದುರಿಗೆ ಉತ್ತೀರ್ಣ, ಕೆಳಗೆ ಪರೀಕ್ಷಾ ಮುಖ್ಯಸ್ಥರ ಸಹಿ, ಸಹಿಯ ಕೆಳಗೆ ಜೂನ್ ತಿಂಗಳ ತಾರೀಕು. ಮೂಲೆಯಲ್ಲಿ ಒಂದು ಎಣ್ಣೆಯ ಕಲೆ. ಮೆಣಸಿನಕಾಯಿ ಸುಳ್ಳಲ್ಲ ಎಂದು ನನಗೆ ಎಲ್ಲಿಲ್ಲದ ಸಮಾಧಾನವಾಯಿತು.

“ನೋಡಿದೆಯಾ? ಬಂದ ದಿನವೇ ಹಾಕಿದ್ದೆ” ಎಂದೆ.

ಸ್ಟುಡಿಯೋದವರು ಏನೂ ಅರಿಯದೆ, “ಇಲ್ಲ ಸಾರ್, ಇದು ಆಗಸ್ಟ್‌ನಾಗೆ ಹಾಕಿದ್ದು” ಎಂದು ಪರದೆಯ ಮೇಲೆ ಬೆರಳಿಟ್ಟರು. “ಸ್ಕ್ಯಾನ್ ಮಾಡಿರೋದು ಜೂನು. ವೆಬ್‌ಸೈಟಿನ ಪುಟಕ್ಕೆ ಸೇರ್ಸಿರೋದು ಆಗಸ್ಟು. ನೋಡ್ರಿ, ಅದೇ ದಿನ ಇನ್ನೊಂದು ಫೈಲೂ ಐತೆ. ಏನೋ ಕೋಟೆ ಬಾಗ್ಲು ಅಂತ. ಕೊನೇದು ಅಂತ ಒಂದು, ಕೊನೇ ಕೊನೇದು ಅಂತ ಇನ್ನೊಂದು.”

ನನಗೆ ಆಗ ಎಲ್ಲ ನೆನಪಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಆಗಲಿಲ್ಲ. ಈಗಲೂ ನನ್ನ ತಲೆಯೊಳಗೆ ಆ ಜೂನ್ ಸಂಜೆ ನಾನು ಗುಂಡಿ ಒತ್ತುತ್ತಲೇ ಇದ್ದೇನೆ. ಬಹುಶಃ ಅದು ಸ್ಕ್ಯಾನಿನ ಗುಂಡಿ ಇದ್ದಿರಬೇಕು. ಕಡತಗಳ ತಾರೀಕು ನೋಡಿದರೆ, ಕದ ಸರಿಯಾಗುವ ತನಕ ಹೊಸದೇನನ್ನೂ ಹಾಕುವುದು ಬೇಡ, ಎಲ್ಲವೂ ಬಾಗಿಲು ತೆರೆದ ದಿನ ಒಟ್ಟಿಗೇ ಬರಲಿ ಎಂದು ನಾನು ತಡೆಹಿಡಿದಿದ್ದೆ. ಬಲಗಡೆಯ ಕದಕ್ಕೆ ಹಿಡಿದದ್ದು ಹತ್ತು ದಿನವಲ್ಲ, ಆರು ವಾರ.

ಮುದ್ರಿಸಿದ ಹಾಳೆಯನ್ನು ತಿಪ್ಪಮ್ಮ ಬ್ಯಾಗಿನಲ್ಲಿ ಇಟ್ಟುಕೊಂಡಳು. ಬಸ್‌ಸ್ಟ್ಯಾಂಡಿನಲ್ಲಿ ಅವಳ ಬಸ್ಸಿಗೆ ಕಾಯುತ್ತಾ ಕಲ್ಲುಬೆಂಚಿನ ಮೇಲೆ ಕೂತೆವು. ಅವಳೇ ಮಾತು ಶುರುಮಾಡಿದಳು.

“ಗುಂಡಿ ತೋಡೋ ಮನುಷ್ಯನ ಚಿತ್ರ ಹಾಕಿದ್ರಿ ಸಾರ್ ಅವಾಗ. ಕಾಮಗಾರಿ ನಡೀತೈತೆ ಅಂತ. ಪ್ರತಿ ಮಂಗಳವಾರ ಹರಿಯಬ್ಬೆಯಿಂದ ಹಿರಿಯೂರಿಗೆ ಪಾಠಕ್ಕೆ ಬಂದಾಗ ಸೈಬರ್‌ನಾಗೆ ಕುಂತ್ಕಂಡು ನೋಡ್ತಿದ್ದೆ. ಪ್ರತಿ ಮಂಗಳವಾರ ಅವನು ತೋಡ್ತಾನೇ ಇದ್ದ. ನಮ್ಮಪ್ಪ ಒಂದಿನ ಜೊತೇಗೆ ಬಂದಿದ್ರು. ನೋಡಿ, ಇವನು ನೀರಿಗೆ ತೋಡ್ತಾವ್ನೋ ಹೆಣಕ್ಕೆ ತೋಡ್ತಾವ್ನೋ ಅಂತ ಕೇಳಿದ್ರು.” ಅವಳು ನಕ್ಕಳು. ನಾನೂ ನಕ್ಕೆ, ಅವಳು ನಿಲ್ಲಿಸಿದ ಮೇಲೆ ನನ್ನದು ಸ್ವಲ್ಪ ಮುಂದುವರಿದು ನಾಚಿಕೆಯಾಯಿತು.

“ಆಮೇಲೆ ಬಾಗಿಲು ಬಂತಲ್ಲ” ಎಂದೆ.

“ಬಂತು. ಸೈಬರ್‌ನಾಗೆ ಅದು ಅರ್ಧ ತೆಗೆಯೋದ್ರಾಗೆ ನಮ್ಮ ಟೈಮು ಮುಗೀತಿತ್ತು. ಒಳಕ್ಕೆ ಹೋಗಿ ನನ್ನ ನಂಬರು ನೋಡೋ ಹೊತ್ತಿಗೆ ಪಿಎಚ್.ಡಿ. ಅರ್ಜಿ ಹಾಕೋ ಕೊನೇ ದಿನ ಹೋಗಿತ್ತು. ಪಾಸಾಗೈತೋ ಇಲ್ವೋ ಗೊತ್ತಿಲ್ದೆ ಹೆಂಗ್ ಹಾಕ್ಲಿ ಸಾರ್? ಮುಂದಿನ ವರ್ಷ ಅಂದ್ಕಂಡೆ. ಮುಂದಿನ ವರ್ಷ ಮದುವೆ ಆಯ್ತು.” ಬಸ್ಸು ಬಂದದ್ದನ್ನು ನೋಡಿ ಎದ್ದಳು. “ಅದು ಬಿಡ್ರಿ ಸಾರ್. ಈಗ ಸಿಕ್ತಲ್ಲ.”

ಬಸ್ಸು ಹೋದ ಮೇಲೆ ನನಗೆ ಒಂದು ವಿಷಯ ನಿಜವಾಗಿಯೂ ನೆನಪಾಯಿತು. ಇದಕ್ಕೆ ದಾಖಲೆಯಿಲ್ಲ, ಆದರೆ ಇದನ್ನು ಅನುಮಾನಿಸುವ ಧೈರ್ಯ ನನಗಿಲ್ಲ. ಅವಳು ಓದು ಮುಗಿಸಿದ ಕೆಲವು ವರ್ಷಗಳ ಮೇಲೆ ಯಾವುದೋ ಕೆಲಸಕ್ಕೆ ವಿಭಾಗಕ್ಕೆ ಬಂದಿದ್ದಳು. ನಾನು ಕಾರಿಡಾರಿನಲ್ಲಿ ನಿಲ್ಲಿಸಿ, ನಾಲ್ಕು ಜನರ ಎದುರಿಗೆ, “ಏನಮ್ಮ, ಒಳ್ಳೇ ವಿದ್ಯಾರ್ಥಿನಿ, ಸಂಶೋಧನೆ ಯಾಕೆ ಮಾಡಲಿಲ್ಲ? ನಿಮ್ಮ ಕಡೆಯವರಿಗೆ ಹಟ ಸಾಲದು” ಎಂದಿದ್ದೆ. ಅವಳು ತಲೆ ತಗ್ಗಿಸಿ, “ಆಗ್ಲಿಲ್ಲ ಸಾರ್” ಎಂದಿದ್ದಳು. ಅವಳಿಗೆ ಆಗ ಕಾರಣ ಗೊತ್ತಿತ್ತು. ನನಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

ಸೋಮವಾರ ರುದ್ರಪ್ಪನವರು 'ಸಹಿ ಬಿದ್ದ ದಿನವೇ ಲೆಕ್ಕ, ಹುಡುಗಿ ಗೆದ್ದಳು' ಎಂದು ಖುಷಿಪಟ್ಟರು. ಆದರೆ ಪ್ರತಿಯನ್ನು ದೃಢೀಕರಿಸುವ ನಮೂನೆಯಲ್ಲಿ ನಾನು ತುಂಬಬೇಕಾದ ಒಂದು ಕಲಂ ಇತ್ತು: ಜಾಲತಾಣದಲ್ಲಿ ಪ್ರಕಟವಾದ ದಿನಾಂಕ. ಸಹಿಗಿಂತ ತಡವಾಗಿದ್ದರೆ ಕಾರಣ ಬರೆಯಬೇಕು.

“ಅದೇ ದಿನ ಅಂತ ಬರ್ದುಬಿಡ್ರಿ ಸಾರ್. ಯಾರು ಹೋಗಿ ನೋಡ್ತಾರೆ? ನೋಡಕ್ಕೆ ಏನೂ ಉಳಿದಿಲ್ಲ” ಎಂದರು ರುದ್ರಪ್ಪ.

ಅವರ ಮಾತು ಸರಿಯಾಗಿತ್ತು. ಜಗತ್ತಿನಲ್ಲಿ ಆ ಆಗಸ್ಟ್ ತಿಂಗಳಿಗೆ ಇದ್ದ ಏಕೈಕ ಸಾಕ್ಷಿ ನನ್ನ ಜೇಬಿನಲ್ಲಿತ್ತು, ಅಂಚು ಬಾಗಿತ್ತು. ನನ್ನ ನೆನಪೂ ಜೂನ್ ಎಂದೇ ಹೇಳುತ್ತಿತ್ತು. ಆದರೂ ನಾನು ಆಗಸ್ಟ್ ಎಂದು ಬರೆದು, ಕಾರಣದ ಕಲಮಿನಲ್ಲಿ ಕಚೇರಿಯ ಭಾಷೆಯಲ್ಲೇ ಹೀಗೆ ಬರೆದೆ: ‘ಮುಖಪುಟದಲ್ಲಿ ಕೋಟೆಯ ಬಾಗಿಲು ತೆರೆದುಕೊಳ್ಳುವಂತೆ ಮಾಡುವ ಕಾರ್ಯದಲ್ಲಿ ಕೆಳಸಹಿದಾರನು ತೊಡಗಿದ್ದರಿಂದ, ಸದರಿ ಫಲಿತಾಂಶವು ಆರು ವಾರಗಳ ಕಾಲ ಪ್ರಕಟವಾಗದೆ ಉಳಿದಿರುತ್ತದೆ. ಇದರಲ್ಲಿ ಅಭ್ಯರ್ಥಿಯ ತಪ್ಪೇನೂ ಇರುವುದಿಲ್ಲ.’ ರುದ್ರಪ್ಪನವರು ಎರಡು ಸಲ ಓದಿದರು. “ಕೆಳಸಹಿದಾರ ಅಂದ್ರೆ ನೀವೇ ಅಲ್ಲೇನ್ರಿ?” ಎಂದು ಕೇಳಿ, ಇನ್ನೊಂದು ಪ್ರತಿ ತೆಗೆಸಿ, ಸುತ್ತೋಲೆಯ ಪಕ್ಕದಲ್ಲಿ ಬೀರುವಿನಲ್ಲಿಟ್ಟರು.

ಮಂಗಳವಾರ ಸಂಜೆ ತಿಪ್ಪಮ್ಮ ಫೋನ್ ಮಾಡಿದಳು. ಅವಳ ವರ್ಷ ಲೆಕ್ಕಕ್ಕೆ ಬಂದಿತ್ತು. ಅವಳು ಗೆರೆಯ ಮೇಲೇ ಇದ್ದಳು. ಸಂತೋಷದಲ್ಲಿ ಅವಳು ಹೇಳಲು ಮರೆತದ್ದನ್ನು ನಾನು ಒಂದು ವಾರದ ಮೇಲೆ ನಾನಾಗಿಯೇ ಕಂಡುಕೊಂಡೆ. ನಮ್ಮ ಈಗಿನ ಜಾಲತಾಣ ಬಲು ಚುರುಕು. ಹೊರಗೆ ಹೋಗುವ ಪ್ರತಿ ದೃಢೀಕರಣವೂ ಪಾರದರ್ಶಕತೆಯ ದೃಷ್ಟಿಯಿಂದ ತಾನಾಗಿಯೇ ಅಲ್ಲಿ ಪ್ರಕಟವಾಗುತ್ತದೆ. ಒಂದು ದಿನ ಬಿಡುವಿನಲ್ಲಿ, ವಿದ್ವಾಂಸರೆಲ್ಲರೂ ಬಾಗಿಲು ಹಾಕಿಕೊಂಡು ಮಾಡುವ ಹಾಗೆ, ನನ್ನ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿದೆ. ಮೂವತ್ತು ವರ್ಷ ಬರೆದ ಲೇಖನಗಳು ಎಲ್ಲೋ ಕೆಳಗಿದ್ದವು. ಎಲ್ಲಕ್ಕಿಂತ ಮೇಲೆ ಆ ದೃಢೀಕರಣ ಪತ್ರವಿತ್ತು.

ಅಳಿಸಲು ನನಗೆ ಒಂದು ಕ್ಷಣ ಸಾಕಾಗಿತ್ತು. ಪಾಸ್‌ವರ್ಡ್ ನನ್ನಲ್ಲೇ ಇದೆ. ಅಷ್ಟರಲ್ಲಿ ತಿಪ್ಪಮ್ಮನ ಫೋನು ಬಂತು. “ಸಾರ್, ಆ ಕಾಗದ ವೆಬ್‌ಸೈಟಿನಾಗೆ ಐತಲ್ಲ, ತಗೀಬ್ಯಾಡ್ರಿ. ಪ್ರತಿ ವರ್ಷ ಪರಿಶೀಲನೆಯಾಗೆ ಅದ್ನೇ ತೆಗೆದು ನೋಡ್ತಾರಂತೆ. ಹೊಸಾ ವೆಬ್‌ಸೈಟು ಬಂದ್ರೂ ಇರ್ತದಲ್ಲ ಸಾರ್?” ಇರುತ್ತದೆ ಎಂದೆ. ಈ ಸಲ ನನ್ನ ಮಾತನ್ನು ನಾನೇ ನಂಬದೆ, ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಕನ್ನಡಿಗೆ ಅಂಟಿಸಿದೆ.

ಹೊಸ ಜಾಲತಾಣ ಬರುವುದೂ ತಡವಾಗಲಿಲ್ಲ. ಹೋದ ತಿಂಗಳು ಹೊಸ ಕಂಪನಿಯವರು ಲ್ಯಾಪ್‌ಟಾಪ್ ಹಿಡಿದು ಬಂದು, ಪದ್ಧತಿಯಂತೆ, “ಸಾರ್, ಹಳೇದು ಬೇಕಾ?” ಎಂದು ಕೇಳಿದರು. ಒಂದು ಪುಟ ಬೇಕು ಎಂದೆ. ಅವರು ಅದನ್ನು ತೆರೆದು ಓದಿ, ನನ್ನ ಮೇಜಿನ ಮೇಲಿದ್ದ ನಾಮಫಲಕ ಓದಿ, ಮತ್ತೆ ಪುಟ ಓದಿ, “ಇದು ನಿಮ್ದೇ ಅಲ್ವಾ ಸಾರ್? ಬಿಟ್ಟುಬಿಡೋಣ, ಯಾರಿಗೂ ಗೊತ್ತಾಗಲ್ಲ” ಎಂದು ಕನಿಕರದಿಂದ ಹೇಳಿದರು. ನಾನು ಒಪ್ಪಲಿಲ್ಲ. ಆ ಪುಟ ಬರಲೇಬೇಕು, ಹುಡುಕಿದರೆ ಮೊದಲು ಸಿಗಬೇಕು, ಹಿರಿಯೂರಿನಲ್ಲಿ ನೆಟ್‌ವರ್ಕ್ ಕಡಿಮೆಯಿದ್ದರೂ ತಟ್ಟನೆ ತೆರೆಯಬೇಕು ಎಂದು ಅರ್ಧ ಗಂಟೆ ವಾದ ಮಾಡಿದೆ. ಕೊನೆಗೆ ಅವರು ಸುಸ್ತಾಗಿ ಒಪ್ಪಿಕೊಂಡು, ತಮ್ಮ ಮೊಬೈಲಿನಲ್ಲಿ ಅದನ್ನು ತೆರೆದು ನನ್ನ ಮುಂದೆ ಹಿಡಿದರು. ನಾನು ಕನ್ನಡಕ ಏರಿಸಿ ನೋಡಿದೆ. ‘ಕೆಳಸಹಿದಾರನು’ ಎಂಬ ಪದ ಪರದೆಯ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋಗಿತ್ತು. ಅದನ್ನು ಪೂರ್ತಿ ಕಾಣುವ ಹಾಗೆ ಮಾಡಿ ಎಂದೆ.